ಮಾನಪತ್ರಕ್ಕೊಂದು ಅರಗಿನ ಮುದ್ರೆ

ಚುನಾವಣೆ ಡ್ಯೂಟಿ ಮಾಡಿದ ಮೇಷ್ಟ್ರುಗಳಿಗೆಲ್ಲ ಈ ವಾಸನೆ ಗೊತ್ತು. ಮತದಾನ ಮುಗಿದು, ಏಜೆಂಟರು ಸಹಿ ಹಾಕಿ, ಯಂತ್ರ ಪೆಟ್ಟಿಗೆ ಸೇರಿದ ಮೇಲೆ ಚೀಲದ ತಳದಿಂದ ಮೇಣದಬತ್ತಿ, ಬೆಂಕಿಪೊಟ್ಟಣ, ಕೆಂಪು ಅರಗಿನ ಕಡ್ಡಿ, ಹಿತ್ತಾಳೆಯ ಸೀಲು ಹೊರಬರುತ್ತವೆ. ನನ್ನ ಮೊದಲ ಚುನಾವಣೆಯಲ್ಲಿ ನಾನು ಫ್ಯಾನು ಆರಿಸದೆಯೇ ಕರಗಿಸಲು ಕೂತೆ. ಜ್ವಾಲೆ ಓಲಾಡಿತು, ವಿಳಾಸದ ಚೀಟಿಯ ಮೇಲೆ ಬೀಳಬೇಕಿದ್ದ ಅರಗು ಹೆಬ್ಬೆರಳ ಮೇಲೆ ಬಿತ್ತು. ಗಾಬರಿಯಲ್ಲಿ ಸೀಲು ಒತ್ತಿ ತಕ್ಷಣ ಕಿತ್ತರೆ ಅಚ್ಚು ಎಲ್ಲಿ ಬಂತು, ಹಲಸಿನ ಅಂಟಿನ ಹಾಗೆ ಎಳೆ ಎಳೆಯಾಗಿ ಎದ್ದು ಬಂತು. ಪಕ್ಕದಲ್ಲಿದ್ದ ಹಿರಿಯರು ಸೀಲನ್ನು ಒರೆಸಿ ಒದ್ದೆ ಬಟ್ಟೆಯ ಮೇಲಿಟ್ಟು, “ಅವಸರ ಮಾಡಬೇಡಿ ಮೇಷ್ಟ್ರೇ, ಅದು ತಾನಾಗೇ ಬಿಡಬೇಕು” ಅಂದರು. ಈಗ ಊರಿನವರ ಬಿನ್ನವತ್ತಳೆ, ಮಾನಪತ್ರಗಳನ್ನು ಕೈಯಲ್ಲಿ ಬರೆದು ಮುದ್ರೆ ಹಾಕಿಕೊಡುತ್ತೇನೆ. ಬಂಡವಾಳವೆಲ್ಲ ಆ ಒಂದು ಮಾತೇ.

ಇಂಗ್ಲಿಷಿನವರು ಇದನ್ನು ‘ಸೀಲಿಂಗ್ ವ್ಯಾಕ್ಸ್’ ಎಂದು ಕರೆದರೂ ಒಳ್ಳೆಯ ಕಡ್ಡಿಯಲ್ಲಿ ಮೇಣ ಇರುವುದಿಲ್ಲ. ಮಧ್ಯಯುಗದ ಯುರೋಪಿನಲ್ಲಿ ಜೇನುಮೇಣಕ್ಕೆ ಮರದ ರಾಳ ಬೆರೆಸಿ ಮುದ್ರೆ ಒತ್ತುತ್ತಿದ್ದರು. 16ನೇ ಶತಮಾನದಲ್ಲಿ ನಮ್ಮ ಕಡೆಯ ಅರಗು ಅಲ್ಲಿಗೆ ತಲುಪಿತು. ಮೇಣ ಹಿಂದೆ ಸರಿಯಿತು, ಹೆಸರು ಮಾತ್ರ ಉಳಿಯಿತು. ಕನ್ನಡದ ‘ಅರಗಿನ ಮುದ್ರೆ’ಯೇ ಸರಿಯಾದ ಹೆಸರು. ಮುತ್ತುಗ, ಬೋರೆ, ಕುಸುಮ ಮರಗಳ ಎಳೆ ಕೊಂಬೆಗೆ ಕಚ್ಚಿ ಕೂತ ಪುಟ್ಟ ಹುಳುಗಳು ತಮ್ಮ ಸುತ್ತ ಕಟ್ಟಿಕೊಳ್ಳುವ ಅಂಟುಗೂಡೇ ಅರಗು. ಪಾಂಡವರಿಗೆ ಮನೆ ಕಟ್ಟಲು ಬಳಸಿದ್ದು, ಚನ್ನಪಟ್ಟಣದ ಗೊಂಬೆಗೆ ಬಣ್ಣದ ಹೊಳಪು ಕೊಡುವುದು, ಟೊಳ್ಳು ಚಿನ್ನದ ಗುಂಡಿನೊಳಗೆ ಅಕ್ಕಸಾಲಿಗರು ತುಂಬುವುದು, ಎಲ್ಲ ಇದೇ. ಮತದಾನದ ಶಾಯಿಯಿಂದ ಹೆಸರಾದ ಮೈಸೂರಿನ ಕಾರ್ಖಾನೆ ಕೂಡ 1937ರಲ್ಲಿ ಶುರುವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಶಾಯಿ ಬಂದದ್ದು 1962ರಲ್ಲಿ.

ಅಂಗಡಿಯ ಕಡ್ಡಿಯಲ್ಲಿ ಅರಗಿನ ಜೊತೆ ರಾಳ, ಸುಣ್ಣದ ಪುಡಿಯಂಥ ಭರ್ತಿ, ಬಣ್ಣ ಇರುತ್ತವೆ. ರಾಳ ಜಾಸ್ತಿಯಾದಷ್ಟೂ ಕಡ್ಡಿ ಅಗ್ಗ, ಮುದ್ರೆ ಪೆಡಸು. ಅಂಥ ಕಡ್ಡಿ ಬೇಗ ಹೊತ್ತಿಕೊಂಡು ಕಪ್ಪು ಹೊಗೆ ಬಿಡುತ್ತದೆ, ನೀರಿನ ಹಾಗೆ ತೊಟ್ಟಿಕ್ಕುತ್ತದೆ. ಅರಗು ಹೆಚ್ಚಿರುವ ಕಡ್ಡಿ ಹಾಗಲ್ಲ, ಪಾಕದ ಹಾಗೆ ಜಗ್ಗುತ್ತದೆ. ಅಲಂಕಾರದ ಮುದ್ರೆಗೆಂದು ಮಣಿಮಣಿಯಾಗಿ ಮಾರುವುದು ಬೇರೆಯೇ ಸರಕು. ಅದು ಬಾಗುತ್ತದೆ, ಒಡೆಯುವುದಿಲ್ಲ. ಮದುವೆ ಕರೆಯೋಲೆಗೆ ಅದೇ ವಾಸಿ. ಆದರೆ ಒಡೆಯದ ಮುದ್ರೆಯನ್ನು ಮುದ್ರೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಯಾರೋ ಬಿಚ್ಚಿದ್ದಾರೆ ಎಂದು ಹೇಳುವುದಕ್ಕೇ ಅಲ್ಲವೇ ಅದು ಹುಟ್ಟಿದ್ದು?

ಕರಗಿಸುವಾಗ ಎಲ್ಲರೂ ಮಾಡುವ ತಪ್ಪೆಂದರೆ ಕಡ್ಡಿಯನ್ನು ಜ್ವಾಲೆಯೊಳಗೆ ತೂರುವುದು. ಅರಗು ಮೆತ್ತಗಾಗಲು 70-80 ಡಿಗ್ರಿ ಸೆಲ್ಸಿಯಸ್ ಸಾಕು. ದೀಪದ ಕುಡಿಯ ಶಾಖ ಅದರ ಹತ್ತು ಪಟ್ಟಿಗೂ ಮೇಲೆ. ಅತಿಯಾಗಿ ಕಾದರೆ ಗುಳ್ಳೆ ಏಳುತ್ತದೆ, ಬಣ್ಣ ಕಂದುತ್ತದೆ. ಹೊತ್ತು ಮೀರಿ ಕಾಯಿಸಿದ ಅರಗು ರಬ್ಬರಿನಂತಾಗಿ ಮತ್ತೆ ಕರಗುವುದೇ ಇಲ್ಲ. ಅದರೊಳಗಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ. ಕಡ್ಡಿಯನ್ನು ಕುಡಿಯ ಪಕ್ಕಕ್ಕೆ ಹಿಡಿದು ತಿರುಗಿಸುತ್ತಿರಬೇಕು. ತುದಿ ಹೊಳೆದು, ಉಬ್ಬಿ, ಬಾಗತೊಡಗಿದಾಗ ಕಾಗದಕ್ಕೆ ತಾಗಿಸಿ, ಅಂಚಿನಿಂದ ನಡುವಿನತ್ತ ಸುತ್ತುತ್ತ ಮೆತ್ತಬೇಕು. ಮೇಲಿನಿಂದ ಹನಿ ಬೀಳಿಸಿದರೆ ಕೆಳಗಿನ ಹನಿ ಆರಿದ ಮೇಲೆ ಮೇಲಿನದು ಕೂರುತ್ತದೆ, ಪದರ ಪದರವಾಗಿ ಬಿಡುತ್ತದೆ. ಮೇಣದಬತ್ತಿಯ ಮಸಿ ಕೆಂಪಿನಲ್ಲಿ ಕಪ್ಪು ಗೆರೆ ಎಳೆಯುತ್ತದೆ. ಬೇಡವೆಂದರೆ ಸ್ಪಿರಿಟ್ ದೀಪ ಬಳಸಿ.

ಬಿಳಿ, ಹಳದಿ ಬಣ್ಣದ ಅರಗಿಗೆ ಚಮಚವೇ ಸರಿ. ಕಡ್ಡಿಯನ್ನು ಚೂರು ಮಾಡಿ, ಹಳೆಯ ಸ್ಟೀಲ್ ಚಮಚದಲ್ಲಿ ಜ್ವಾಲೆಗಿಂತ ಎರಡು ಬೆರಳು ಮೇಲೆ ಹಿಡಿಯಿರಿ. ಮುಕ್ಕಾಲು ಕರಗಿದೊಡನೆ ಪಕ್ಕಕ್ಕೆ ತೆಗೆಯಿರಿ, ಉಳಿದದ್ದು ಚಮಚದ ಕಾವಿಗೇ ಕರಗುತ್ತದೆ. ಬೇರೊಂದು ಕಡ್ಡಿಯಿಂದ ಕಲಕಿ, ಗುಳ್ಳೆ ಅಡಗಿದ ಮೇಲೆ ಒಂದೇ ಜಾಗಕ್ಕೆ ಸುರಿಯಿರಿ. ತಾನೇ ದುಂಡಗೆ ಹರಡಿಕೊಳ್ಳುತ್ತದೆ.

ಇನ್ನು ಸೀಲು. ಇದನ್ನು ಕೆತ್ತಿಸುವಾಗಲೇ ಯೋಚಿಸಬೇಕು: ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರಬೇಕು, ಗೆರೆ ಆಳವಾಗಿರಬೇಕು. ಕನ್ನಡದ ಒತ್ತಕ್ಷರ ಸಣ್ಣ ವೃತ್ತದಲ್ಲಿ ಉಸಿರುಗಟ್ಟುತ್ತದೆ. ‘ಶ್ರೀ’ ಎಂದು ಕೆತ್ತಿಸಿ ಬರೀ ಒಂದು ಗುಡ್ಡೆ ಮೂಡಿದ್ದನ್ನು ಕಂಡಿದ್ದೇನೆ. ಒತ್ತಿಲ್ಲದ ಒಂದಕ್ಷರ, ಇಲ್ಲವೇ ಒಂದು ಚಿಹ್ನೆ ಸಾಕು. ನಾಣ್ಯ ಒತ್ತುವ ಆಸೆ ಬೇಡ. ಅಂಚೆ ಕಚೇರಿಯ ವಿಮಾ ಪಾರ್ಸೆಲ್‌ಗೂ ನಾಣ್ಯದ ಅಚ್ಚು ನಡೆಯುತ್ತಿರಲಿಲ್ಲ. ಎಲ್ಲರ ಜೇಬಲ್ಲೂ ಇರುವುದು ಯಾರ ಗುರುತಾದೀತು?

ಹಿತ್ತಾಳೆ ತಣ್ಣಗಿದ್ದರೆ ಅರಗಿನ ಮೇಲ್ಪದರದ ಶಾಖವನ್ನು ಥಟ್ಟನೆ ಹೀರುತ್ತದೆ, ಮುಟ್ಟಿದ ಜಾಗ ಗಟ್ಟಿಯಾಗಿ ಲೋಹದಿಂದ ಬಿಡುತ್ತದೆ. ಸೀಲು ಬಿಸಿಯಾಗಿದ್ದರೆ ಅರಗಿಗೆ ಅದೂ ಕಾಗದವೂ ಒಂದೇ, ಎರಡಕ್ಕೂ ಅಂಟುತ್ತದೆ. ಅದಕ್ಕೇ ಐದನೇ ಮಾನಪತ್ರದ ಹೊತ್ತಿಗೆ ಎಲ್ಲ ಕೆಡುವುದು. ಅಷ್ಟರಲ್ಲಿ ಸೀಲು ಬೆಚ್ಚಗಾಗಿರುತ್ತದೆ. ತಟ್ಟೆಯಲ್ಲಿ ಮಂಜುಗಡ್ಡೆ ಇಟ್ಟುಕೊಳ್ಳಿ, ಪ್ರತಿ ಸಲವೂ ಸೀಲನ್ನು ಅದರ ಮೇಲಿಟ್ಟು, ನೀರು ಪೂರ್ತಿ ಒರೆಸಿ. ಕಣ್ಣಿಗೆ ಕಾಣದಷ್ಟು ಕೊಬ್ಬರಿ ಎಣ್ಣೆ ಸವರಿದರೆ ಇನ್ನೂ ಸಲೀಸು. ಹೆಚ್ಚಾದರೆ ಕಾಗದಕ್ಕೆ ಜಿಡ್ಡಿನ ವರ್ತುಲ.

ಸುರಿದ ತಕ್ಷಣ ಒತ್ತಬಾರದು. ಅಂಚಿನ ಮಿರುಗು ಚೂರು ಮಂಕಾಗುವ ತನಕ, ಅಂದರೆ ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ, ಸೀಲನ್ನು ನೇರವಾಗಿ ಇಳಿಸಿ. ಜೋರು ಬೇಡ, ಕೈಯ ತೂಕ ಸಾಕು. ಅರಗು ಸುತ್ತಲೂ ತುಟಿಯಂತೆ ಉಬ್ಬುತ್ತದೆ. ಅಲುಗಿಸದೆ ಇನ್ನೊಂದು ಮೂವತ್ತು ಎಣಿಸಿ ಮೆಲ್ಲನೆ ಓಲಾಡಿಸಿದರೆ ಸಣ್ಣಗೆ ‘ಟಿಕ್’ ಎಂದು ಬಿಡುತ್ತದೆ. ಬಿಡದಿದ್ದರೆ ಜಗ್ಗಿ ಎಳೆಯಬೇಡಿ. ಸೀಲಿನ ಬೆನ್ನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಮಂಜುಗಡ್ಡೆ ಇಟ್ಟು ಕಾಯಿರಿ.

ಕೈಕಾಗದ ಅರಗಿಗೆ ಹೇಳಿ ಮಾಡಿಸಿದ ನೆಲ; ನಾರಿನ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಮಿರುಗುವ ಆರ್ಟ್ ಕಾಗದದಲ್ಲಿ ಇಡೀ ಬಿಲ್ಲೆಯೇ ಕಳಚಿ ಬರುತ್ತದೆ. ಆದರೆ ಕೈಕಾಗದದಲ್ಲಿ ತಪ್ಪಿದರೆ ತಿದ್ದುಪಡಿಯಿಲ್ಲ, ಕೆರೆದರೆ ನಾರೂ ಕಿತ್ತು ಬರುತ್ತದೆ. ರದ್ದಿ ಚೂರಿನ ಮೇಲೆ ನಾಲ್ಕು ಒತ್ತಿ ಕೈ ಕುದುರಿಸಿಕೊಂಡ ಮೇಲೆಯೇ ಅಸಲಿಗೆ ಬನ್ನಿ. ರಿಬ್ಬನ್ ಇದ್ದರೆ ಮೊದಲು ಕಾಳಿನಷ್ಟು ಅರಗಿನಿಂದ ಅದನ್ನು ಕೂರಿಸಿ, ಅದರ ಮೇಲೆ ಮುದ್ರೆ. ಕೆಲವರು ಎಣ್ಣೆ ಸವರಿದ ತಟ್ಟೆಯ ಮೇಲೆ ಮುದ್ರೆಗಳನ್ನು ಮಾಡಿಟ್ಟು ಆಮೇಲೆ ಗೋಂದಿನಿಂದ ಅಂಟಿಸುತ್ತಾರೆ. ನೂರು ಕರೆಯೋಲೆಯಿದ್ದರೆ ಬೇರೆ ದಾರಿಯಿಲ್ಲ, ನಿಜ. ಆದರೂ ಅದು ಹಣೆಗೆ ಹಚ್ಚುವ ಸ್ಟಿಕರ್ ಬಿಂದಿಯ ಜಾತಿ.

ಚರ್ಮದ ಮೇಲೆ ಬಿದ್ದ ಅರಗನ್ನು ಕೀಳಬೇಡಿ, ಚರ್ಮವೂ ಜೊತೆಗೆ ಬರುತ್ತದೆ. ಹಾಗೆಯೇ ನಲ್ಲಿ ನೀರಿನ ಕೆಳಗೆ ಬಹಳ ಹೊತ್ತು ಹಿಡಿಯಿರಿ.

ಮುದ್ರೆ ಬಿದ್ದ ಪತ್ರವನ್ನು ಸುರುಳಿ ಸುತ್ತಿದರೆ ಅರಗು ಸೀಳುತ್ತದೆ. ಸುರುಳಿಯೇ ಬೇಕೆಂದರೆ ಮುದ್ರೆಯನ್ನು ರಿಬ್ಬನ್ನಿನ ಇಳಿಬಿದ್ದ ತುದಿಗೆ ಹಾಕಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಸಮಾರಂಭಕ್ಕೆ ಹೋಗಬೇಡಿ, ಬರುವಷ್ಟರಲ್ಲಿ ಗೆರೆಗಳೆಲ್ಲ ಮೊಂಡಾಗಿರುತ್ತವೆ. ಒಂದರ ಮೇಲೊಂದು ಪೇರಿಸಬೇಕಾದರೆ ನಡುವೆ ಬೆಣ್ಣೆ ಕಾಗದ ಇಟ್ಟು, ಮುದ್ರೆಯ ಮೇಲೆ ಮುದ್ರೆ ಬರದಂತೆ ಆಚೀಚೆ ತಿರುಗಿಸಿ ಜೋಡಿಸಿ.