ಗಾಡಿಯ ದೋಷ ಯಾರ ಹೊಣೆ?



ಎತ್ತಿನ ಗಾಡಿ ಹೂಡುವ ಮುಂಚೆ ಕಡಾಣಿ ಭದ್ರವಾಗಿದೆಯೇ, ಅಚ್ಚಿಗೆ ಎಣ್ಣೆ ಬಿದ್ದಿದೆಯೇ ಎಂದು ನೋಡದ ಬೇಸಾಯಗಾರನನ್ನು ನಾನು ಕಂಡಿಲ್ಲ. ಅದೇ ಮನೆಯ ಟ್ರೇಲರು ಮಾತ್ರ ಯಾರೂ ಬಗ್ಗಿ ನೋಡದೆಯೇ ಹೆದ್ದಾರಿಗೆ ಇಳಿಯುತ್ತದೆ.

ಹೋದ ಸುಗ್ಗಿಯಲ್ಲಿ ನಡೆದ ಸಂಗತಿ ಹೇಳುತ್ತೇನೆ. ಕಬ್ಬು ತುಂಬಿದ ಟ್ರೇಲರೊಂದು ಸಂಜೆಗತ್ತಲಲ್ಲಿ ರಸ್ತೆಯ ಪಕ್ಕದಲ್ಲಿ ನಿಂತಿತ್ತು. ಹಿಂದೆ ದೀಪವಿಲ್ಲ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಬಿಲ್ಲೆಯೂ ಇಲ್ಲ. ಡೈರಿಗೆ ಹಾಲು ಹಾಕಿ ಬೈಕಿನಲ್ಲಿ ಮರಳುತ್ತಿದ್ದ ಹುಡುಗನಿಗೆ ಅದು ಕಾಣಲಿಲ್ಲ. ಜೀವ ಉಳಿಯಿತು, ಬಲಗಾಲು ಮೊದಲಿನಂತಾಗಲಿಲ್ಲ. ಅದೇ ದಿನ ಮಧ್ಯಾಹ್ನ ನಾನು ಆ ಹೊಲದಲ್ಲಿದ್ದೆ. ಕಬ್ಬಿನ ಸುಳಿ ಕೊರಕದ ಬಗ್ಗೆ ಅರ್ಧ ಗಂಟೆ ಮಾತನಾಡಿದೆ. ಟ್ರೇಲರಿನ ಹಿಂಬದಿ ಬೋಳಾಗಿದ್ದುದನ್ನು ಕಂಡೆ, ಅದು ನನ್ನ ಕೆಲಸವಲ್ಲವೆಂದು ಸುಮ್ಮನಾದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಮಾಲೀಕರು ಆಮೇಲೆ ಹೇಳಿದ್ದು ಒಂದೇ ಮಾತು: "ನನಗೆ ಗೊತ್ತಿರಲಿಲ್ಲ." ಈ ಮಾತು ಕಾನೂನಿನ ಮುಂದೆ ನಿಲ್ಲದು. 1988ರ ಮೋಟಾರು ವಾಹನ ಕಾಯ್ದೆಯ 190ನೆಯ ಕಲಮು, ದೋಷ ತಿಳಿದೂ ಓಡಿಸಿದವನನ್ನು ಮಾತ್ರವಲ್ಲ, ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ತಿಳಿಯಬಹುದಾಗಿದ್ದ ದೋಷವನ್ನು ನೋಡದೆ ಓಡಿಸಿದವನನ್ನೂ ತಪ್ಪಿತಸ್ಥನೆನ್ನುತ್ತದೆ. ಓಡಿಸಲು ಬಿಟ್ಟ ಮಾಲೀಕನೂ ಅದರಲ್ಲಿ ಸೇರಿದ. ಕಲಮಿನಲ್ಲಿ "ಟ್ರೇಲರು" ಎಂಬ ಮಾತೂ ಸ್ಪಷ್ಟವಾಗಿ ಇದೆಯೆಂಬುದನ್ನು ತಾವು ಗಮನಿಸಬೇಕು.

2019ರ ತಿದ್ದುಪಡಿಯಿಂದ, ಆ ವರ್ಷದ ಸೆಪ್ಟೆಂಬರ್ 1ರಿಂದ, ಈ ದಂಡಗಳು ಏರಿವೆ. ಅಪಾಯಕರ ದೋಷವಿರುವ ಗಾಡಿಗೆ ಮೊದಲು 250 ರೂಪಾಯಿವರೆಗೆ ಇದ್ದ ದಂಡ 1,500 ರೂಪಾಯಿವರೆಗೆ ಆಯಿತು. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅಥವಾ ಆಸ್ತಿ ನಷ್ಟವಾದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮತ್ತೆ ಅದೇ ತಪ್ಪಾದರೆ ಸೆರೆ ಆರು ತಿಂಗಳವರೆಗೆ, ಅಥವಾ ದಂಡ 10,000 ರೂಪಾಯಿ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ಗೊತ್ತುಮಾಡುವುದು ರಾಜ್ಯ ಸರ್ಕಾರ. ನಮ್ಮ ಕರ್ನಾಟಕ ಅದೇ ಸೆಪ್ಟೆಂಬರಿನಲ್ಲಿ ಹಲವು ದಂಡಗಳನ್ನು ತಗ್ಗಿಸಿತು. ಆದರೆ ಗಾಯದ ಮೊಕದ್ದಮೆ ರಸ್ತೆಯ ಬದಿಯಲ್ಲಿ ಮುಗಿಯುವಂಥದಲ್ಲ.

ಇನ್ನು ಪರೀಕ್ಷೆಯ ಮಾತು. ಬಾಡಿಗೆಗೆ ಓಡುವ ಗೂಡ್ಸ್ ಆಟೋ, ಟೆಂಪೋ, ಲಾರಿಗಳಿಗೆ ಸುಸ್ಥಿತಿಯ ಪ್ರಮಾಣಪತ್ರ, ಅಂದರೆ ನೀವು ಎಫ್.ಸಿ. ಎನ್ನುವುದು, ಇರಲೇಬೇಕು. ಗಾಡಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕು. ಎಫ್.ಸಿ. ಮುಗಿದ ಗಾಡಿಯನ್ನು ಕಾನೂನು ನೋಂದಣಿಯೇ ಇಲ್ಲದ ಗಾಡಿಯಂತೆ ಎಣಿಸುತ್ತದೆ: ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ, ಎರಡನೆಯ ಸಲ 10,000 ರೂಪಾಯಿವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆ. ಸ್ವಂತ ಬೈಕು, ಕಾರುಗಳಿಗೆ ಹದಿನೈದು ವರ್ಷ ತುಂಬಿದ ಮೇಲೆ ತಪಾಸಣೆಯಾಗಿ ನೋಂದಣಿ ಮುಂದುವರಿಯಬೇಕು. ಬೇಸಾಯದ ಟ್ರಾಕ್ಟರು ಸಾರಿಗೆ ವಾಹನವಲ್ಲ, ನಿಜ. ಆದರೆ ಅದೇ ಟ್ರಾಕ್ಟರಿನಲ್ಲಿ ಬಾಡಿಗೆಗೆ ಇಟ್ಟಿಗೆ, ಮರಳು ಹೊತ್ತರೆ ಅದು ಬೇಸಾಯವಲ್ಲ. ಈ ವಿಷಯ ನಮ್ಮಲ್ಲಿ ಅನೇಕರಿಗೆ ರುಚಿಸುವುದಿಲ್ಲವೆಂದು ಬಲ್ಲೆ.

ದಂಡಕ್ಕಿಂತ ಗಾಡಿಯ ಮಾತು ನನಗೆ ಚೆನ್ನಾಗಿ ಗೊತ್ತು. ಟ್ರಾಕ್ಟರಿಗೆ ಎಡಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕು ಪೆಡಲು ಇರುವುದು ಹೊಲದ ಅಂಚಿನಲ್ಲಿ ಚಿಕ್ಕದಾಗಿ ತಿರುಗಿಸುವುದಕ್ಕೆ. ರಸ್ತೆಗೆ ಬರುವಾಗ ಎರಡನ್ನೂ ಕೂಡಿಸುವ ಕೊಂಡಿಯನ್ನು ಹಾಕಲೇಬೇಕು. ಹಾಕದೆ ವೇಗದಲ್ಲಿ ಒಂದನ್ನೇ ತುಳಿದರೆ ಒಂದು ಚಕ್ರ ಮಾತ್ರ ಹಿಡಿದು, ಹಿಂದಿನ ಭಾರ ನೂಕಿ, ಟ್ರಾಕ್ಟರು ಮಗುಚಬಹುದು. ಟ್ರೇಲರು ಜೋಡಿಸುವ ಗೂಟಕ್ಕೆ ಕೆಳಗಡೆ ಬೀಗದ ಪಿನ್ನು ಇರಬೇಕು; ಕೆಲವರು ಅಲ್ಲಿ ಬೇಲಿಯ ತಂತಿ ಸುತ್ತಿರುವುದನ್ನು ಕಂಡಿದ್ದೇನೆ. ಗೂಟದ ಜೊತೆಗೆ ಒಂದು ಸರಪಳಿಯೂ ಇದ್ದರೆ ಗೂಟ ಕಳಚಿದರೂ ಟ್ರೇಲರು ಎಲ್ಲೆಂದರಲ್ಲಿ ನುಗ್ಗದು. ಕಾರು, ಲಾರಿಗಳ ಟೈರಿನ ಅಚ್ಚು 1.6 ಮಿಲಿಮೀಟರಿಗಿಂತ ಕಡಿಮೆ ಸವೆದಿರಕೂಡದು ಎಂದರೆ ತಪ್ಪಾದೀತು; ಅಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಉಳಿದಿರಕೂಡದು ಎಂದು ತಿಳಿಯಿರಿ. ಕಬ್ಬಿನ ತುದಿಗೆ ಕಟ್ಟುವ ಕೆಂಪು ಬಟ್ಟೆ ಹಗಲಿಗಷ್ಟೇ ಸರಿ, ಇರುಳಲ್ಲಿ ಅದು ಕಪ್ಪು ಬಟ್ಟೆಯೇ. ಕೆಂಪು ಹೊಳಪಿನ ಪಟ್ಟಿಯನ್ನು ಅಂಟಿಸಿದರೂ ಧೂಳು ಕೂತ ಮೇಲೆ ಅದು ಹೊಳೆಯದು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರಸಬೇಕು.

ಈ ಸಲ ಕಟಾವು ಮೊದಲಾಗುವ ಮುನ್ನ, ಕತ್ತಲಾದ ಮೇಲೆ ನಿಮ್ಮ ಟ್ರೇಲರನ್ನು ಅಂಗಳದಲ್ಲಿ ನಿಲ್ಲಿಸಿ, ನೂರು ಹೆಜ್ಜೆ ಹಿಂದೆ ಹೋಗಿ ಟಾರ್ಚು ಬಿಟ್ಟು ನೋಡಿರಿ. ನನ್ನನ್ನು ಕರೆದರೆ ನಾನೂ ಬರುತ್ತೇನೆ, ಟಾರ್ಚು ನನ್ನ ಹತ್ತಿರವೇ ಇದೆ.