ಜೀವಕೋಶದ ಲಿಪಿಕಾರ

ಓಲೆಗರಿಯ ಗ್ರಂಥವನ್ನು ಪ್ರತಿಮಾಡುವ ಲಿಪಿಕಾರನು ಎಷ್ಟೇ ಎಚ್ಚರದಿಂದಿದ್ದರೂ ಅಲ್ಲಲ್ಲಿ ಅಕ್ಷರ ತಪ್ಪುವುದುಂಟು. ನಮ್ಮ ದೇಹದ ಜೀವಕೋಶವೊಂದು ಎರಡಾಗುವ ಮುನ್ನ ಅದರ ಡಿ.ಎನ್.ಎ.ಯ ಸುಮಾರು 600 ಕೋಟಿ ಅಕ್ಷರಜೋಡಿಗಳೂ ಪ್ರತಿಯಾಗಬೇಕು. ಆದರೂ ಕೊನೆಗೆ ಉಳಿಯುವ ತಪ್ಪುಗಳು ಬೆರಳೆಣಿಕೆಯಷ್ಟು ಮಾತ್ರ. ಇದು ಹೇಗೆ ಸಾಧ್ಯವೆಂಬುದನ್ನು ವಿಚಾರಿಸೋಣ.

ಡಿ.ಎನ್.ಎ. ಎಂಬುದು ಎರಡು ಎಳೆಗಳ ಹುರಿ. ಅದರ ಅಕ್ಷರಗಳು ನಾಲ್ಕೇ. ಅಡಿನೀನಿಗೆ ಥೈಮೀನು, ಗ್ವಾನೀನಿಗೆ ಸೈಟೊಸೀನು ಜೊತೆಗಾರ. ಹಳೆಯ ಎಳೆಯನ್ನು ಅನುಸರಿಸಿ ಹೊಸ ಎಳೆಯನ್ನು ಹೆಣೆಯುವ ಕಿಣ್ವವೇ ಡಿ.ಎನ್.ಎ. ಪಾಲಿಮರೇಸ್. 1956ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಮತ್ತು ಸಂಗಡಿಗರು ಇದನ್ನು ಮೊದಲು ಬ್ಯಾಕ್ಟೀರಿಯದಲ್ಲಿ ಕಂಡುಹಿಡಿದರು.

ಸರಿಜೋಡಿಗೂ ತಪ್ಪುಜೋಡಿಗೂ ಬಂಧನಶಕ್ತಿಯಲ್ಲಿರುವ ಅಂತರ ಅತ್ಯಲ್ಪ. ಶಾಖದಿಂದ ಅಣುಗಳು ಸದಾ ಕಂಪಿಸುತ್ತಿರುವಾಗ ಆ ಅಂತರವನ್ನೇ ನೆಚ್ಚಿದರೆ ಸುಮಾರು ನೂರಕ್ಕೊಂದು ತಪ್ಪಾದೀತು. ಎಂದರೆ 6 ಕೋಟಿ ತಪ್ಪುಗಳು!

ಆದುದರಿಂದ ಕಿಣ್ವವು ಮೊದಲು ಆಕಾರವನ್ನು ಪರೀಕ್ಷಿಸುತ್ತದೆ. ಸರಿಜೋಡಿ ತನ್ನ ಗೂಡಿನಲ್ಲಿ ಕುಳಿತೊಡನೆ ಮುಷ್ಟಿ ಬಿಗಿದಂತೆ ಮುಚ್ಚಿಕೊಂಡು ಬೆಸೆಯುತ್ತದೆ. ತಪ್ಪುಜೋಡಿ ಆ ಗೂಡಿಗೆ ಹೊಂದದು. ಇದರಿಂದ ತಪ್ಪು ಸುಮಾರು ಲಕ್ಷಕ್ಕೊಂದಕ್ಕೆ ಇಳಿಯುತ್ತದೆ, ಉಳಿದವು 60,000.

ಎರಡನೆಯದು ಅಳಿಸುವಿಕೆ. ತಪ್ಪಕ್ಷರ ಸೇರಿದರೆ ಎಳೆಯ ತುದಿ ಸಡಿಲವಾಗುತ್ತದೆ, ಹೆಣಿಗೆ ತಡೆಯುತ್ತದೆ. ಆ ಬಿಡುವಿನಲ್ಲಿ ತುದಿಯು ಕಿಣ್ವದಲ್ಲೇ ಇರುವ ಕತ್ತರಿಸುವ ತಾಣಕ್ಕೆ ಜಾರಿ ತುಂಡಾಗುತ್ತದೆ. ಈಗ ತಪ್ಪುಗಳು ಸುಮಾರು 600.

ಮೂರನೆಯ ಪರೀಕ್ಷೆಯನ್ನು ಬೇರೆ ಪ್ರೋಟೀನುಗಳು ನಡೆಸುತ್ತವೆ. ಹೆಣಿಗೆ ಮುಂದೆ ಸಾಗಿದ ಮೇಲೆ ಇವು ಉಬ್ಬುತಗ್ಗುಗಳನ್ನು ಹುಡುಕಿ ತಿದ್ದುತ್ತವೆ. ಆದರೆ ಮೂಲ ಯಾವುದು, ನಕಲು ಯಾವುದು? ಇ. ಕೋಲಿ ಬ್ಯಾಕ್ಟೀರಿಯದ ಹಳೆಯ ಎಳೆಗೆ ಮೀಥೈಲ್ ಗುರುತುಗಳಿರುತ್ತವೆ. ಹೊಸತಕ್ಕೆ ಅವು ಇನ್ನೂ ಬಿದ್ದಿರುವುದಿಲ್ಲ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಪಾಲ್ ಮಾಡ್ರಿಚ್ 2015ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು. ಇಷ್ಟಾದ ಮೇಲೆ ಉಳಿಯುವ ತಪ್ಪುಗಳು ಸುಮಾರು ಆರು.

ಈ ನಿಖರತೆ ಪುಕ್ಕಟೆಯಾಗಿ ದೊರೆತುದಲ್ಲ. ಪ್ರತಿ ಅಕ್ಷರವೂ ಶಕ್ತಿಯನ್ನು ಹೊತ್ತು ಬರುತ್ತದೆ. ಅದನ್ನು ಕತ್ತರಿಸಿದರೆ ಆ ಶಕ್ತಿ ವ್ಯಯವಾದಂತೆಯೇ. ಕೆಲವು ಸರಿಯಾದ ಅಕ್ಷರಗಳೂ ಕತ್ತರಿಗೆ ಬಲಿಯಾಗುತ್ತವೆ. ಬಂಧನಶಕ್ತಿಯ ಅಂತರವಷ್ಟೇ ಕೊಡಬಲ್ಲ ನಿಖರತೆಯನ್ನು ಮೀರಬೇಕಾದರೆ ಇಂತಹ ವೆಚ್ಚ ಅನಿವಾರ್ಯವೆಂದು ಭೌತವಿಜ್ಞಾನಿ ಜಾನ್ ಹಾಪ್‌ಫೀಲ್ಡ್ 1974ರಲ್ಲಿ ತೋರಿಸಿಕೊಟ್ಟರು.

ಮೂರನೆಯ ಪರೀಕ್ಷೆಯ ದೋಷವನ್ನು ಹುಟ್ಟಿನಿಂದ ಪಡೆದವರಲ್ಲಿ ದೊಡ್ಡಕರುಳಿನ ಕ್ಯಾನ್ಸರು ಎಳೆಯ ವಯಸ್ಸಿನಲ್ಲೇ ತಲೆದೋರುವ ಸಂಭವ ಹೆಚ್ಚು. ಹಾಗೆಂದು ತಪ್ಪುಗಳೆಲ್ಲವೂ ಕೇಡಲ್ಲ. ಒಂದು ತಪ್ಪೂ ಉಳಿಯದಿದ್ದಲ್ಲಿ ಜೀವಿಗಳಲ್ಲಿ ಹೊಸತನಕ್ಕೆ ಎಡೆಯೇ ಇರುತ್ತಿರಲಿಲ್ಲ. ಈ ಲಿಪಿಕಾರನ ಕೆಲಸವನ್ನು ಮೆಚ್ಚಲು ನಾವೂ ಇರುತ್ತಿರಲಿಲ್ಲ.