ಲ್ಯಾಬ್‌ನಲ್ಲಿ ಎಐ ನಿಷೇಧ: ಹಾಗಾದರೆ ವಿದ್ಯಾರ್ಥಿಗಳು ಯಾವ ಕೋಡ್ ಎಡಿಟರ್ ಬಳಸಬೇಕು?

ಮುಂಬೈ: ರಾತ್ರಿ ಹನ್ನೊಂದು ಗಂಟೆ. ಮರುದಿನ ಸಬ್ಮಿಷನ್. ಡೊಂಬಿವಲಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ, ಎರಡನೇ ವರ್ಷದ ಬಿಎಸ್ಸಿ ಐಟಿ ವಿದ್ಯಾರ್ಥಿ, ಬಬಲ್ ಸಾರ್ಟ್ ಪ್ರೋಗ್ರಾಂ ಬರೆಯಲು ಕುಳಿತಿದ್ದ. ಫಂಕ್ಷನ್ ಹೆಸರು ಟೈಪ್ ಮಾಡಿದ್ದಷ್ಟೇ, ಕೆಳಗಿನ ಹತ್ತು ಸಾಲು ತಿಳಿ ಬೂದು ಬಣ್ಣದಲ್ಲಿ ತಾವಾಗಿಯೇ ಮೂಡಿದವು. ಸಾಲನ್ನು ಒಳಕ್ಕೆ ಸರಿಸಲು ರೂಢಿಯಂತೆ ಟ್ಯಾಬ್ ಕೀ ಒತ್ತಿದ. ಬೂದು ಅಕ್ಷರಗಳು ಗಟ್ಟಿಯಾದವು. ಪ್ರೋಗ್ರಾಂ ಮುಗಿಯಿತು, ರನ್ ಕೂಡ ಆಯಿತು.

ವೈವಾದಲ್ಲಿ ಪ್ರೊಫೆಸರ್ ಕೇಳಿದ್ದು ಒಂದೇ ಪ್ರಶ್ನೆ. ಒಳಗಿನ ಲೂಪ್ ಪ್ರತಿ ಸಲ ಒಂದೊಂದು ಹೆಜ್ಜೆ ಕಡಿಮೆ ಓಡುವುದೇಕೆ? ಉತ್ತರ ಬರಲಿಲ್ಲ. ಆ ವಿಷಯಕ್ಕೆ ಎಐ ಬಳಕೆ ನಿಷೇಧವಿತ್ತು, ಟರ್ಮ್ ವರ್ಕ್‌ನಲ್ಲಿ ಅಂಕ ಹೋಯಿತು. ‘ನಾನು ಎಐ ಬಳಸಿಲ್ಲ ಸರ್’ ಎಂದು ಅವನು ಹೇಳಿದ್ದ. ಅವನ ಮಟ್ಟಿಗೆ ಅದು ಸುಳ್ಳಲ್ಲ. ಚಾಟ್‌ಜಿಪಿಟಿ ತೆರೆದಿರಲಿಲ್ಲ, ಯಾರನ್ನೂ ಏನೂ ಕೇಳಿರಲಿಲ್ಲ. ಎಡಿಟರ್ ಕೊಟ್ಟಿತು, ಅವನು ಟ್ಯಾಬ್ ಒತ್ತಿದ ಅಷ್ಟೇ.

ಕೇಳದೆಯೇ ಬರುವ ಈ ನೆರವೇ ಸದ್ಯದ ಗೊಂದಲದ ಮೂಲ. ಮೊದಲೆಲ್ಲ ಎಐ ಬೇಕೆಂದರೆ ಹುಡುಕಿಕೊಂಡು ಹೋಗಬೇಕಿತ್ತು. ಈಗ ಬೇಡವೆಂದರೂ ಬರುತ್ತದೆ. 2025ರಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೋ, ಜಿಯೋ ತನ್ನ ಗ್ರಾಹಕರಿಗೆ ಗೂಗಲ್‌ನ ಜೆಮಿನಿ ಪ್ರೋ ಪ್ಯಾಕ್ ಉಚಿತವಾಗಿ ಕೊಟ್ಟವು. ಮೈಕ್ರೋಸಾಫ್ಟ್‌ನ ಸಾದಾ ನೋಟ್‌ಪ್ಯಾಡ್‌ಗೂ ಬರೆದುಕೊಡುವ ಎಐ ಬಟನ್ ಬಂದಿದೆ. ನೋಟ್‌ಪ್ಯಾಡ್‌ಗೇ ಬಂದ ಮೇಲೆ ಇನ್ನೆಲ್ಲಿ ತಪ್ಪಿಸಿಕೊಳ್ಳುವುದು ಎನ್ನಬಹುದು. ಆದರೆ ತಪ್ಪಿಸಿಕೊಳ್ಳುವ ದಾರಿಗಳಿವೆ, ಹಣವೂ ಬೇಕಿಲ್ಲ.

ಯಾವುದು ಎಐ, ಯಾವುದು ಅಲ್ಲ?

ಎಡಿಟರ್ ಆರಿಸುವ ಮೊದಲು ಇದು ತಿಳಿದಿರಲಿ. ವೇರಿಯಬಲ್ ಹೆಸರು ಬರೆದು ಚುಕ್ಕೆ ಇಟ್ಟಾಗ ಕೆಳಗೆ ಒಂದು ಪಟ್ಟಿ ತೆರೆದುಕೊಳ್ಳುತ್ತದಲ್ಲ, ಅದು ಹಳೆಯ ಆಟೊಕಂಪ್ಲೀಟ್. ಭಾಷೆಯ ನಿಯಮ ಮತ್ತು ನಿಮ್ಮದೇ ಫೈಲ್‌ಗಳನ್ನು ಓದಿ, ಇಲ್ಲಿ ಏನೇನು ಬರಲು ಸಾಧ್ಯ ಎಂದು ತೋರಿಸುತ್ತದೆ. ಎಐ ಬರುವ ಎಷ್ಟೋ ವರ್ಷ ಮೊದಲೇ ಇದು ಇತ್ತು. ತಪ್ಪಿನ ಕೆಳಗೆ ಬರುವ ಕೆಂಪು ಗೆರೆ, ಬಣ್ಣ ಬಣ್ಣದ ಪದಗಳು, ಬ್ರ್ಯಾಕೆಟ್ ತಾನಾಗಿ ಮುಚ್ಚಿಕೊಳ್ಳುವುದು ಇವ್ಯಾವುವೂ ಸಾಮಾನ್ಯವಾಗಿ ಎಐ ಅಲ್ಲ.

ಎಐ ಮಾಡುವ ಕೆಲಸ ಬೇರೆ. ನೀವು ಏನು ಬರೆಯಲು ಹೊರಟಿದ್ದೀರಿ ಎಂದು ಊಹಿಸಿ ಇಡೀ ಸಾಲನ್ನು, ಕೆಲವೊಮ್ಮೆ ಇಡೀ ಫಂಕ್ಷನ್ ಅನ್ನೇ ಬೂದು ಬಣ್ಣದಲ್ಲಿ ಮುಂದಿಡುತ್ತದೆ. ಬಹುತೇಕ ಸಂದರ್ಭಗಳಲ್ಲಿ ಇದಕ್ಕಾಗಿ ನಿಮ್ಮ ಕೋಡ್ ಎಲ್ಲೋ ಇರುವ ಸರ್ವರ್‌ಗೆ ಹೋಗಿ ಬರುತ್ತದೆ. ಹಾಗಂತ ವೈಫೈ ಆಫ್ ಮಾಡಿದರೆ ಎಐ ಸಂಪೂರ್ಣ ನಿಂತಿತು ಎಂದುಕೊಳ್ಳಬೇಡಿ. ಪೈಚಾರ್ಮ್, ಇಂಟೆಲಿಜೆ ಮುಂತಾದವನ್ನು ತಯಾರಿಸುವ ಜೆಟ್‌ಬ್ರೈನ್ಸ್ ಕಂಪನಿ 2024ರಲ್ಲಿ ತಂದ ಫುಲ್ ಲೈನ್ ಕಂಪ್ಲೀಷನ್ ಸೌಲಭ್ಯ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ.

ಆದ್ದರಿಂದ ಸೆಮಿಸ್ಟರ್ ಆರಂಭದಲ್ಲೇ ಪ್ರೊಫೆಸರ್ ಅವರನ್ನು ನೇರವಾಗಿ ಕೇಳಿಬಿಡುವುದು ಒಳ್ಳೆಯದು: ಸರ್, ಚುಕ್ಕೆ ಇಟ್ಟಾಗ ಬರುವ ಪಟ್ಟಿ ನಡೆಯುತ್ತದೆಯೇ? ಎರರ್ ಮೆಸೇಜ್ ಗೂಗಲ್ ಮಾಡಬಹುದೇ? ಎರಡನೆಯದು ದಡ್ಡ ಪ್ರಶ್ನೆಯಲ್ಲ. ಈಗ ಗೂಗಲ್‌ನಲ್ಲಿ ಹುಡುಕಿದರೂ ಎಷ್ಟೋ ಸಲ ಮೇಲೆ ಮೊದಲು ಕಾಣುವುದು ಎಐ ಕೊಟ್ಟ ಉತ್ತರವೇ.

ವಿಎಸ್ ಕೋಡ್ ಬಿಡಲು ಆಗದವರಿಗೆ

ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ 2015ರಲ್ಲಿ ಬಂತು. ಉಚಿತ, ಎಲ್ಲ ಭಾಷೆಗೂ ಆಗುತ್ತದೆ, ಯೂಟ್ಯೂಬ್ ಪಾಠಗಳಲ್ಲಿ ಹೆಚ್ಚಾಗಿ ಕಾಣುವುದೂ ಇದೇ. ಗಿಟ್‌ಹಬ್ ಕೋಪೈಲಟ್ 2022ರಲ್ಲಿ ಎಲ್ಲರಿಗೂ ಸಿಗತೊಡಗಿದಾಗ ಹಣ ಕೊಟ್ಟು ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್ ಆಗಿತ್ತು. 2024ರ ಡಿಸೆಂಬರ್‌ನಲ್ಲಿ ಅದರ ಉಚಿತ ಆವೃತ್ತಿ ಬಂದ ಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡುವ ವಿದ್ಯಾರ್ಥಿಗೂ ಕೋಪೈಲಟ್ ಎದುರಾಗುತ್ತದೆ.

ಎಐ ಬೇಡ ಎನ್ನುವವರ ಒತ್ತಾಯಕ್ಕೂ ಬೆಲೆ ಸಿಕ್ಕಿದೆ. 2025ರ ದ್ವಿತೀಯಾರ್ಧದ ಆವೃತ್ತಿಗಳಿಂದ ವಿಎಸ್ ಕೋಡ್‌ನಲ್ಲಿ ಎಲ್ಲ ಎಐ ಸೌಲಭ್ಯಗಳನ್ನು ಒಟ್ಟಿಗೆ ನಿಲ್ಲಿಸುವ ಸೆಟ್ಟಿಂಗ್ ಇದೆ. ಸೆಟ್ಟಿಂಗ್ಸ್ ತೆರೆದು ಹುಡುಕುವ ಜಾಗದಲ್ಲಿ ಇಂಗ್ಲಿಷ್‌ನಲ್ಲಿ ‘ಡಿಸೇಬಲ್ ಎಐ ಫೀಚರ್ಸ್’ ಎಂದು ಟೈಪ್ ಮಾಡಿದರೆ ಸಿಗುತ್ತದೆ. ಟಿಕ್ ಮಾಡಿ, ಒಮ್ಮೆ ಮುಚ್ಚಿ ತೆರೆಯಿರಿ. ಬೇರೆ ಕಂಪನಿಗಳ ಎಐ ಎಕ್ಸ್‌ಟೆನ್ಷನ್ ಹಾಕಿಕೊಂಡಿದ್ದರೆ ಈ ಟಿಕ್ ಸಾಲದು, ಅವನ್ನು ಪ್ರತ್ಯೇಕವಾಗಿ ತೆಗೆಯಬೇಕು.

ಇಂಟರ್ನ್‌ಶಿಪ್‌ಗೆ ಎಐ ಬೇಕು, ಕಾಲೇಜಿಗೆ ಬೇಡ ಎನ್ನುವವರು ಪ್ರೊಫೈಲ್ ಸೌಲಭ್ಯ ಬಳಸಬಹುದು. ಕಾಲೇಜಿಗೆಂದೇ ಬೇರೆ ಪ್ರೊಫೈಲ್ ಮಾಡಿ ಅದರಲ್ಲಿ ಮಾತ್ರ ಎಐ ನಿಲ್ಲಿಸಿ. ಆದರೆ ನನ್ನ ಸಲಹೆ ಬೇರೆ. ರಾತ್ರಿ ಹನ್ನೊಂದಕ್ಕೆ, ನಿದ್ದೆಗಣ್ಣಿನಲ್ಲಿ, ಯಾವ ಪ್ರೊಫೈಲ್‌ನಲ್ಲಿದ್ದೇನೆ ಎಂದು ಯಾರು ನೋಡುತ್ತಾರೆ? ಕಾಲೇಜು ಕೆಲಸಕ್ಕೆ ಎಡಿಟರ್ ಅನ್ನೇ ಬೇರೆ ಇಟ್ಟುಕೊಳ್ಳುವುದು ಹೆಚ್ಚು ಸುರಕ್ಷಿತ.

ನೋಡಲು ವಿಎಸ್ ಕೋಡ್‌ನಂತೆಯೇ ಇರಬೇಕೆಂದರೆ ವಿಎಸ್‌ಕೋಡಿಯಮ್ ಇದೆ. ವಿಎಸ್ ಕೋಡ್‌ನ ಮುಕ್ತ ಮೂಲಕೋಡ್‌ನಿಂದಲೇ ಸ್ವಯಂಸೇವಕರು ಕಟ್ಟುವ ಆವೃತ್ತಿ ಇದು, ಕೋಪೈಲಟ್ ಜತೆಗೆ ಬರುವುದಿಲ್ಲ. ಒಂದು ತೊಡಕಿದೆ. ಮೈಕ್ರೋಸಾಫ್ಟ್‌ನ ಸಿ++ ಎಕ್ಸ್‌ಟೆನ್ಷನ್ ಮತ್ತು ಪೈಥಾನ್‌ಗೆ ಬಳಸುವ ಪೈಲ್ಯಾನ್ಸ್‌ನ ಪರವಾನಗಿ ಮೈಕ್ರೋಸಾಫ್ಟ್‌ನದೇ ಎಡಿಟರ್‌ಗಳಿಗೆ ಸೀಮಿತ. ಇಲ್ಲಿ ಸಿ++ಗೆ ಕ್ಲಾಂಗ್‌ಡಿ ಹಾಕಿಕೊಳ್ಳಬೇಕು.

ಕರ್ಸರ್, ವಿಂಡ್‌ಸರ್ಫ್ ಕೂಡ ನೋಡಲು ಹಾಗೆಯೇ ಇರುತ್ತವೆ. ಅವು ಎಐಗಾಗಿಯೇ ಹುಟ್ಟಿದವು, ಈ ಕೆಲಸಕ್ಕೆ ಮುಟ್ಟಬೇಡಿ.

ಎಐ ಇಲ್ಲದೆಯೇ ಬರುವ ಎಡಿಟರ್‌ಗಳು

ಪೈಥಾನ್ ಕಲಿಯುತ್ತಿರುವವರಿಗೆ ಕಣ್ಣು ಮುಚ್ಚಿ ಹೇಳಬಹುದಾದ ಹೆಸರು ಥಾನಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಆರಂಭಿಕ ವಿದ್ಯಾರ್ಥಿಗಳಿಗೆಂದೇ ರೂಪಿಸಿದ್ದು. ಪೈಥಾನ್ ಇದರೊಳಗೇ ಬರುತ್ತದೆ, ಬೇರೆ ಇನ್‌ಸ್ಟಾಲ್ ಮಾಡುವ ತಲೆನೋವಿಲ್ಲ. ಇದರ ನಿಜವಾದ ಬಲ ಇರುವುದು ಡಿಬಗರ್‌ನಲ್ಲಿ. ಪ್ರೋಗ್ರಾಂ ಅನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ, ಪ್ರತಿ ಹೆಜ್ಜೆಗೆ ಯಾವ ವೇರಿಯಬಲ್‌ನ ಬೆಲೆ ಎಷ್ಟಾಯಿತು ಎಂದು ಪಕ್ಕದ ಪಟ್ಟಿಯಲ್ಲಿ ನೋಡಬಹುದು. ಒಳಗಿನ ಲೂಪ್ ಏಕೆ ಒಂದು ಹೆಜ್ಜೆ ಕಡಿಮೆ ಓಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿ ಕಣ್ಣಿಗೇ ಕಾಣುತ್ತದೆ. ಪ್ರತಿ ಸುತ್ತಿನ ಕೊನೆಗೆ ಅತಿ ದೊಡ್ಡ ಸಂಖ್ಯೆ ತನ್ನ ಜಾಗಕ್ಕೆ ಹೋಗಿ ಕುಳಿತಿರುತ್ತದೆ, ಅದನ್ನು ಮತ್ತೆ ಹೋಲಿಸುವ ಅಗತ್ಯವಿಲ್ಲ.

ಸಿ, ಸಿ++ಗೆ ಕೋಡ್ ಬ್ಲಾಕ್ಸ್ ಇದೆ. ಡೌನ್‌ಲೋಡ್ ಪುಟದಲ್ಲಿ ಹಲವು ಫೈಲ್‌ಗಳಿರುತ್ತವೆ, ಹೆಸರಿನಲ್ಲಿ ಮಿಂಗ್‌ಡಬ್ಲ್ಯು ಎಂದಿರುವುದನ್ನೇ ಇಳಿಸಿಕೊಳ್ಳಿ, ಅದರಲ್ಲಿ ಕಂಪೈಲರ್ ಸೇರಿಯೇ ಇರುತ್ತದೆ. ಇದನ್ನು ನೋಡದೆ ಬೇರೆ ಫೈಲ್ ಇಳಿಸಿ, ‘ಕಂಪೈಲರ್ ಸಿಗುತ್ತಿಲ್ಲ’ ಎಂದು ಅರ್ಧ ದಿನ ಕಳೆಯುವುದು ಹಲವರ ಅನುಭವ. ಐಐಟಿ ಬಾಂಬೆಯ ಪ್ರೊಫೆಸರ್ ಅಭಿರಾಮ ರಾನಡೆ ಅವರು ಹೊಸಬರಿಗಾಗಿ ರೂಪಿಸಿದ ಸಿಂಪಲ್‌ಸಿಪಿಪಿ ಎಂಬ ಲೈಬ್ರರಿಯನ್ನೂ ಇದರ ಜತೆ ಬಳಸಬಹುದು, ಪರದೆಯ ಮೇಲೆ ಚಿತ್ರ ಬಿಡಿಸುತ್ತಾ ಸಿ++ ಕಲಿಯಬಹುದು.

ಲ್ಯಾಮಿಂಗ್ಟನ್ ರೋಡ್‌ನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್ ಇರುವವರು ಜಿಯಾನಿ ನೋಡಿ. ಬಹಳ ಹಗುರ, ಸಿ, ಜಾವಾ, ಪೈಥಾನ್ ಎಲ್ಲಕ್ಕೂ ಆಗುತ್ತದೆ. ಎಫ್9 ಒತ್ತಿದರೆ ಬಿಲ್ಡ್, ಎಫ್5 ಒತ್ತಿದರೆ ರನ್. ಇಂಟರ್ನೆಟ್ ಬೇಡ, ಲಾಗಿನ್ ಬೇಡ. ಅಂದರೆ ಲೋಕಲ್ ಟ್ರೈನ್‌ನಲ್ಲಿ ಸೀಟು ಸಿಕ್ಕಿ, ನೆಟ್‌ವರ್ಕ್ ಸಿಗದಿದ್ದರೂ ಕೆಲಸ ನಡೆಯುತ್ತದೆ. ನಮ್ಮ ಹುಡುಗ ಈಗ ಬಳಸುತ್ತಿರುವುದು ಇದನ್ನೇ. ಸೀಟು ಸಿಗುವುದು ಮಾತ್ರ ಅಪರೂಪ.

ಜಾವಾಕ್ಕೆ ಬ್ಲೂಜೆ. ಐಸಿಎಸ್‌ಇ ಶಾಲೆಯಲ್ಲಿ ಕಂಪ್ಯೂಟರ್ ಓದಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ 2003ರಿಂದಲೂ ಇದೆ, ವಿಂಡೋಸ್‌ಗೆ ಮಾತ್ರ. ಪೈಚಾರ್ಮ್ ಬೇಕೇ ಬೇಕು ಎನ್ನುವವರು ಫುಲ್ ಲೈನ್ ಕಂಪ್ಲೀಷನ್ ಮತ್ತು ಎಐ ಅಸಿಸ್ಟೆಂಟ್ ಎರಡೂ ಪ್ಲಗಿನ್‌ಗಳನ್ನು ಆಫ್ ಮಾಡಲಿ.

ಟರ್ಬೊ ಸಿ++ ಬಗ್ಗೆಯೂ ಒಂದು ಮಾತು. 1990ರ ದಶಕದ ಆರಂಭದ ಆ ನೀಲಿ ಪರದೆ ಇಂದಿಗೂ ಕೆಲವು ಲ್ಯಾಬ್‌ಗಳಲ್ಲಿ ಜೀವಂತ. ಎಐ ಸೋಂಕದ ಎಡಿಟರ್ ಎಂದು ಯಾರಾದರೂ ಅದನ್ನು ಹೊಗಳಬಹುದು. ಆದರೆ ಸಿ++ಗೆ ಮೊದಲ ಅಂತಾರಾಷ್ಟ್ರೀಯ ಮಾನದಂಡ ಬಂದಿದ್ದೇ 1998ರಲ್ಲಿ. ಅದಕ್ಕೂ ಹಿಂದಿನ ಭಾಷೆಯನ್ನು ಇಂದು ಕಲಿತರೆ ಮುಂದೆ ಮರೆಯಬೇಕಾಗುತ್ತದೆ. ಪ್ರೊಫೆಸರ್ ಕಡ್ಡಾಯ ಮಾಡದಿದ್ದರೆ ದೂರವಿಡಿ.

ಗೂಗಲ್ ಕೊಲ್ಯಾಬ್ ಮರೆಯಬೇಡಿ

ಡೇಟಾ ಸೈನ್ಸ್, ಮೆಷಿನ್ ಲರ್ನಿಂಗ್ ಪ್ರಾಕ್ಟಿಕಲ್‌ಗಳನ್ನು ಹಲವರು ಬ್ರೌಸರ್‌ನಲ್ಲೇ, ಕೊಲ್ಯಾಬ್‌ನಲ್ಲಿ ಮಾಡುತ್ತಾರೆ. ಅದರಲ್ಲಿ ಜೆಮಿನಿ ಸೇರಿಕೊಂಡಿದೆ. ಸೆಟ್ಟಿಂಗ್ಸ್‌ನ ಎಐ ಅಸಿಸ್ಟೆನ್ಸ್ ವಿಭಾಗದಲ್ಲಿ ಜನರೇಟಿವ್ ಎಐ ಸೌಲಭ್ಯಗಳನ್ನು ಮರೆಮಾಡುವ ಆಯ್ಕೆ ಇದೆ. ಇಲ್ಲವೇ ಲ್ಯಾಪ್‌ಟಾಪ್‌ನಲ್ಲೇ ಜುಪಿಟರ್ ನೋಟ್‌ಬುಕ್ ಹಾಕಿಕೊಳ್ಳಬಹುದು.

ಇಷ್ಟೆಲ್ಲ ಕಷ್ಟ ಯಾಕೆ?

ನಾಳೆ ಕಂಪನಿಯಲ್ಲಿ ಎಐ ಬಳಸಲೇಬೇಕು, ಈಗ ನಿಷೇಧಿಸಿ ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಗಣಿತದ ಅಧ್ಯಯನ ನೋಡಿ. ಸಾದಾ ಎಐ ಚಾಟ್ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ ಶೇ.48ರಷ್ಟು ಮುಂದಿದ್ದರು. ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಮೊದಲಿನಿಂದಲೂ ಎಐ ಇಲ್ಲದವರಿಗಿಂತ ಶೇ.17ರಷ್ಟು ಹಿಂದೆ ಬಿದ್ದರು. ಉತ್ತರ ನೇರವಾಗಿ ಹೇಳದೆ ಸುಳಿವು ಮಾತ್ರ ಕೊಡುವಂತೆ ಎಐ ರೂಪಿಸಿದಾಗ ಈ ಹಿನ್ನಡೆ ಬಹುಮಟ್ಟಿಗೆ ಕಾಣಲಿಲ್ಲ. ತೊಂದರೆ ಆಗಿದ್ದು ಸಿದ್ಧ ಉತ್ತರದಿಂದ, ಆ ಬೂದು ಸಾಲುಗಳು ಕೊಡುವುದೂ ಅದನ್ನೇ. ಕೋಡಿಂಗ್ ಸ್ಪರ್ಧೆಗಳ ಲೋಕದಲ್ಲಿ ಪ್ರಸಿದ್ಧವಾದ ಕೋಡ್‌ಫೋರ್ಸಸ್ ಕೂಡ 2024ರಲ್ಲಿ ಎಐ ಬಳಕೆಗೆ ಕಡಿವಾಣ ಹಾಕಿತು.

ಕನ್ನಡದಲ್ಲಿ ಕೇಳಿದರೆ ಹೆಚ್ಚು ತಿಳಿಯುತ್ತದೆ ಎನ್ನುವವರಿಗೆ ಪೊವಾಯಿಯಲ್ಲೇ ಒಂದು ಆಸರೆಯಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದಲ್ಲೂ ಇವೆ. ಅದರ ಸಿ ಪಾಠಗಳಲ್ಲಿ ಬಳಸುವುದು ಜಿಎಡಿಟ್ ಎಂಬ ಸಾದಾ ಎಡಿಟರ್ ಮತ್ತು ಜಿಸಿಸಿ ಕಂಪೈಲರ್. ನೋಡುತ್ತಾ, ನಿಲ್ಲಿಸುತ್ತಾ, ತಾನೇ ಟೈಪ್ ಮಾಡುತ್ತಾ ಕಲಿಯುವ ಕ್ರಮ ಅದರದು.

ಅನುಮಾನ ಬಂದರೆ ತೋರಿಸಲು ಏನಿದೆ?

ಎಐ ಇಲ್ಲದ ಎಡಿಟರ್‌ನಲ್ಲಿ ಬರೆದರೂ ‘ಇದು ನೀನೇ ಬರೆದದ್ದಾ?’ ಎಂಬ ಪ್ರಶ್ನೆ ಬರಬಹುದು. ಗಿಟ್ ಕಲಿಯಿರಿ. ಅರ್ಧ ಗಂಟೆಗೊಮ್ಮೆ ಕಮಿಟ್ ಮಾಡಿದರೆ ತಪ್ಪು ಮಾಡಿದ್ದು, ಅಳಿಸಿದ್ದು, ತಿದ್ದಿದ್ದು ಎಲ್ಲ ಸಮಯದ ಸಮೇತ ದಾಖಲಾಗುತ್ತದೆ. ವಿಎಸ್ ಕೋಡ್‌ನಲ್ಲಿ ಟೈಮ್‌ಲೈನ್ ಪಟ್ಟಿಯೂ ಫೈಲ್‌ನ ಹಳೆಯ ರೂಪಗಳನ್ನು ಇಟ್ಟುಕೊಂಡಿರುತ್ತದೆ. ಇದು ನೂರಕ್ಕೆ ನೂರು ಪುರಾವೆಯಲ್ಲ. ಆದರೂ ಒಂದೇ ಏಟಿಗೆ ಇನ್ನೂರು ಸಾಲು ಬಂದು ಬಿದ್ದ ಫೈಲ್‌ಗೂ ಮೂರು ಸಂಜೆ ಒದ್ದಾಡಿ ಬೆಳೆದ ಫೈಲ್‌ಗೂ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ.

ಕೊನೆಯದಾಗಿ, ಪ್ರಾಕ್ಟಿಕಲ್ ಪರೀಕ್ಷೆ ನಡೆಯುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ, ಲ್ಯಾಬ್‌ನ ಕಂಪ್ಯೂಟರ್‌ನಲ್ಲಿ. ಅಲ್ಲಿ ಯಾವ ಎಡಿಟರ್ ಇದೆ ಎಂದು ಲ್ಯಾಬ್ ಅಸಿಸ್ಟೆಂಟ್ ಅವರನ್ನು ಈಗಲೇ ಕೇಳಿ, ಸಾಧ್ಯವಾದರೆ ಅದನ್ನೇ ಮನೆಯಲ್ಲೂ ಹಾಕಿಕೊಳ್ಳಿ. ಪರೀಕ್ಷೆಯ ದಿನ ರನ್ ಬಟನ್ ಎಲ್ಲಿದೆ ಎಂದು ಹುಡುಕುತ್ತಾ ಹತ್ತು ನಿಮಿಷ ಕಳೆದವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ.